ಸ್ಟೆಮ್ ಸೆಲ್ ಕಸಿ: ಡಾಕ್ಟರು ಹೇಳಿದ ದಿನದಿಂದ ಎರಡನೇ ವರ್ಷದ ಲಸಿಕೆಯವರೆಗೆ

ಡಾಕ್ಟರು "ಟ್ರಾನ್ಸ್‌ಪ್ಲಾಂಟ್ ಮಾಡಿಸಬೇಕಾಗುತ್ತೆ" ಅಂದಾಗ ನಮ್ಮ ಮನೆಯವರೆಲ್ಲರ ಕಣ್ಣಮುಂದೆ ಬಂದಿದ್ದು ಆಪರೇಷನ್ ಥಿಯೇಟರು. ತಮ್ಮನಿಗೆ ರಕ್ತದ ಕ್ಯಾನ್ಸರ್. ಕೀಮೋ ಸುತ್ತುಗಳು ಮುಗಿದು ಕಾಯಿಲೆ ಹತೋಟಿಗೆ ಬಂದಿತ್ತು. "ಎಲ್ಲಿ ಕೊಯ್ಯುತ್ತಾರೆ? ಎಷ್ಟು ಹೊಲಿಗೆ ಬೀಳುತ್ತೆ?" ಅಂತ ಅಮ್ಮ ಕೇಳಿದರು. ಎಲ್ಲೂ ಕೊಯ್ಯಲಿಲ್ಲ. ಕಸಿಯ ದಿನ ಒಂದು ಸಣ್ಣ ಚೀಲದಲ್ಲಿದ್ದ ಕೆಂಪು ದ್ರವ, ರಕ್ತ ಏರಿಸುವ ಹಾಗೇ, ಟ್ಯೂಬಿನಲ್ಲಿ ಇಳಿಯಿತು. ಅಷ್ಟೇ. ಆದರೆ ಅದಕ್ಕೆ ಮುಂಚಿನ ಎರಡು ತಿಂಗಳು ಮತ್ತು ಆಮೇಲಿನ ಒಂದು ವರ್ಷ ನಮ್ಮ ಮನೆಯಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಆ ಚೀಲದಲ್ಲಿದ್ದದ್ದು ನನ್ನ ಸೆಲ್‌ಗಳು. ಕೊಟ್ಟವಳೂ ನಾನೇ, ಜೊತೆಗಿದ್ದು ನೋಡಿಕೊಂಡವಳೂ ನಾನೇ. ಮೊದಲಿಂದ ಕೊನೆಯವರೆಗೆ ಏನೇನಾಗುತ್ತೆ ಅಂತ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಔಷಧಿ, ಡೋಸು, ದಿನಾಂಕದ ವಿಷಯದಲ್ಲಿ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆಯ ಮಾತು. ಇಲ್ಲಿರುವುದು ಅವರ ಮಾತು ನಿಮಗೆ ಚೆನ್ನಾಗಿ ಅರ್ಥವಾಗಲಿ ಅಂತ.

ಮೊದಲು ತಿಳಿಯಬೇಕಾದ್ದು: ಯಾರ ಸೆಲ್, ಯಾಕೆ

ನಮ್ಮ ಮೂಳೆಗಳ ಒಳಗೆ ಮಜ್ಜೆ ಇದೆ. ಅದರಲ್ಲಿರುವ ಸ್ಟೆಮ್ ಸೆಲ್‌ಗಳು ರಕ್ತದ ಬಿತ್ತನೆ ಬೀಜ ಇದ್ದ ಹಾಗೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಅವುಗಳಿಂದಲೇ ಹುಟ್ಟುತ್ತವೆ. ಕ್ಯಾನ್ಸರನ್ನು ಬೇರುಸಮೇತ ಕೀಳಲು ಕೆಲವೊಮ್ಮೆ ತುಂಬಾ ಜಾಸ್ತಿ ಡೋಸಿನ ಕೀಮೋ ಬೇಕಾಗುತ್ತದೆ. ಅಷ್ಟು ಕೊಟ್ಟರೆ ಮಜ್ಜೆಯೂ ಸುಟ್ಟುಹೋಗುತ್ತದೆ. ಆ ಖಾಲಿ ಹೊಲಕ್ಕೆ ಮತ್ತೆ ಬೀಜ ಹಾಕುವ ಕೆಲಸವೇ ಕಸಿ.

ಇದರಲ್ಲಿ ಎರಡು ದಾರಿ. ಒಂದು, ರೋಗಿಯ ಸ್ವಂತ ಸೆಲ್‌ಗಳನ್ನೇ ಮೊದಲು ತೆಗೆದು ಫ್ರೀಜ್ ಮಾಡಿಟ್ಟು, ಜಾಸ್ತಿ ಕೀಮೋ ಕೊಟ್ಟ ಮೇಲೆ ವಾಪಸ್ ಕೊಡುವುದು. ಮೈಲೋಮಾ, ಕೆಲವು ಲಿಂಫೋಮಾ ಅನ್ನುವ ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ ಹೆಚ್ಚಾಗಿ ಇದೇ. ಇನ್ನೊಂದು, ಬೇರೆಯವರ ಸೆಲ್ ಹಾಕುವುದು. ಲ್ಯುಕೇಮಿಯಾ ಅನ್ನುವ ಬಗೆಯ ರಕ್ತದ ಕ್ಯಾನ್ಸರ್ ಇದ್ದವರಿಗೆ ಸಾಮಾನ್ಯವಾಗಿ ಇದು. ಇಲ್ಲಿ ಇನ್ನೊಂದು ಲಾಭವೂ ಇದೆ. ದಾನಿಯ ಬಿಳಿ ಕಣಗಳು ಉಳಿದ ಕ್ಯಾನ್ಸರ್ ಸೆಲ್‌ಗಳನ್ನು ಹುಡುಕಿ ಹೊಡೆಯುತ್ತವೆ. ಆದರೆ ಅದೇ ಕಣಗಳು ರೋಗಿಯ ಮೈಯನ್ನೂ ಪರಕೀಯ ಅಂದುಕೊಳ್ಳಬಹುದು. ಆ ತೊಂದರೆಯ ಬಗ್ಗೆ ಮುಂದೆ ಹೇಳುತ್ತೇನೆ.

ಅಮೆರಿಕದ ಡಾಕ್ಟರ್ ಡೊನಾಲ್ ಥಾಮಸ್ ಮತ್ತು ಅವರ ಜೊತೆಗಾರರು ಮನುಷ್ಯರಿಗೆ ಮಜ್ಜೆ ಕೊಟ್ಟು ನೋಡಿದ ಮೊದಲ ವರದಿ ಬಂದದ್ದು 1957ರಲ್ಲಿ. ಶುರುವಿನ ರೋಗಿಗಳು ಹೆಚ್ಚು ದಿನ ಉಳಿಯಲಿಲ್ಲ. ಆದರೂ ಅವರು ಬಿಡಲಿಲ್ಲ. 1990ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನ ತಮ್ಮ ವಾರ್ಡಿನಲ್ಲಿ ಮಲಗಿದ್ದಾಗ ನಾನು ಇದನ್ನು ಓದಿದ್ದೆ. ಸುಮಾರು ಮೂವತ್ತು ವರ್ಷ ಯಾರೋ ಹಟ ಹಿಡಿದು ಕೂತಿದ್ದರಿಂದ ನನ್ನ ತಮ್ಮ ಇಲ್ಲಿದ್ದಾನೆ ಅನ್ನಿಸಿ ಕಣ್ಣು ತುಂಬಿ ಬಂತು.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಸ್ಟೆಮ್ ಸೆಲ್ ಚಿಕಿತ್ಸೆ" ಅಂತ ಮಂಡಿನೋವಿನಿಂದ ಹಿಡಿದು ಎಲ್ಲಾ ಕಾಯಿಲೆಗೂ ಚುಚ್ಚುಮದ್ದು ಕೊಡುವ ಜಾಗಗಳಿವೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕ್ಯಾನ್ಸರಿಗೆ ಮಾಡುವ ಕಸಿ ನಡೆಯುವುದು ರಕ್ತರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಯ ಪ್ರತ್ಯೇಕ ವಾರ್ಡಿನಲ್ಲಿ ಮಾತ್ರ.

ಒಪ್ಪಿಗೆ ಸಹಿ ಹಾಕುವ ಮುನ್ನ

ಒಂದು ನೋಟ್‌ಬುಕ್ ತಗೊಳ್ಳಿ. ಮೊಬೈಲಲ್ಲಿ ಬರೆದುಕೊಳ್ಳುತ್ತೇನೆ ಅನ್ನಬೇಡಿ. ಮೊಬೈಲ್ ಒಬ್ಬರ ಕೈಲಿರುತ್ತೆ, ನೋಟ್‌ಬುಕ್ ಹಾಸಿಗೆ ಪಕ್ಕದಲ್ಲಿರುತ್ತೆ. ಯಾರು ಪಾಳಿಗೆ ಬಂದರೂ ತೆರೆದು ನೋಡಬಹುದು. ಮೊದಲ ಪುಟದಲ್ಲಿ ಪ್ರಶ್ನೆಗಳನ್ನು ಬರೆಯಿರಿ. ಕಸಿ ಮಾಡದಿದ್ದರೆ ಏನಾಗಬಹುದು? ಮಾಡಿದರೆ ಗುಣವಾಗುವ ಸಾಧ್ಯತೆ, ಮಾಡುವುದರಿಂದಲೇ ಜೀವಕ್ಕೆ ಬರುವ ಅಪಾಯ, ಎರಡೂ ನಮ್ಮ ರೋಗಿಯ ವಯಸ್ಸಿಗೆ, ಅವರ ಕಾಯಿಲೆಗೆ ಎಷ್ಟೆಷ್ಟು? ಆಸ್ಪತ್ರೆಯಲ್ಲಿ ಎಷ್ಟು ವಾರ? ಆಮೇಲೆ ಎಷ್ಟು ದಿನ ಆಸ್ಪತ್ರೆಗೆ ಹತ್ತಿರ ಇರಬೇಕು? ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಖರ್ಚಿನಲ್ಲಿ ಯಾವುದು ಪ್ಯಾಕೇಜಿನೊಳಗೆ, ಯಾವುದು ಹೊರಗೆ?

ಅಪಾಯದ ಪ್ರಶ್ನೆ ಕೇಳಲು ನಮಗೆ ಬಾಯಿ ಬರಲಿಲ್ಲ. ಕೇಳಿದರೆ ಅಪಶಕುನ ಅನ್ನುವ ಭಯ. ತಮ್ಮನೇ ಕೇಳಿದ. ಡಾಕ್ಟರು ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಕೂತು ಉತ್ತರ ಹೇಳಿದರು. ಅವತ್ತೇ ಅವನಿಗೆ ಧೈರ್ಯ ಬಂದಿದ್ದು. ರೋಗಿಯನ್ನು ಹೊರಗೆ ಕೂರಿಸಿ ಮನೆಯವರು ಒಳಗೆ ಮಾತಾಡುವುದು ಬೇಡ. ಮುಂದೆ ಅನುಭವಿಸಬೇಕಾದವರು ಅವರು.

ಮಕ್ಕಳು ಬೇಕು ಅನ್ನುವ ಆಸೆ ಇದ್ದರೆ ಅದನ್ನೂ ಈಗಲೇ ಕೇಳಬೇಕು. ಈ ಕೀಮೋದಿಂದ ಮಕ್ಕಳಾಗುವ ಶಕ್ತಿ ಹೋಗುವ ಸಾಧ್ಯತೆ ತುಂಬಾ ಇದೆ. ವೀರ್ಯ, ಅಂಡಾಣು ಅಥವಾ ಭ್ರೂಣವನ್ನು ಮೊದಲೇ ಫ್ರೀಜ್ ಮಾಡಿಡಬಹುದು. ಅಂಡಾಣು ತೆಗೆಯಲು ಸುಮಾರು ಎರಡು ವಾರ ಬೇಕು, ಹಾಗಾಗಿ ಹೆಣ್ಣುಮಕ್ಕಳು ಬೇಗ ಕೇಳುವುದು ಒಳ್ಳೆಯದು. ಡಾಕ್ಟರೇ ಹೇಳಲಿ ಅಂತ ನಾಚಿಕೊಂಡು ಕೂರಬೇಡಿ.

ದಾನಿಯನ್ನು ಹುಡುಕುವುದು

ಸ್ವಂತ ಸೆಲ್ ಕಸಿ ಆದರೆ ಈ ಭಾಗ ನಿಮಗೆ ಬೇಡ. ಬೇರೆಯವರದ್ದಾದರೆ ಎಚ್‌ಎಲ್‌ಎ ಅನ್ನುವ ಗುರುತು ಹೊಂದಬೇಕು. ಇದು ಬ್ಲಡ್ ಗ್ರೂಪ್‌ಗಿಂತ ಬೇರೆ. ನಮ್ಮ ಸೆಲ್‌ಗಳ ಮೈಮೇಲಿರುವ ವಿಳಾಸದ ಚೀಟಿ ಅನ್ನಬಹುದು. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪರೀಕ್ಷೆಗೆ ಸ್ವಲ್ಪ ರಕ್ತ ಅಥವಾ ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿದರೆ ಸಾಕು. ಮನೆಯಲ್ಲಿ ಯಾರೂ ಹೊಂದದಿದ್ದರೆ ದಾನಿಗಳ ನೋಂದಣಿ ಪಟ್ಟಿಯಲ್ಲಿ ಹುಡುಕುತ್ತಾರೆ. ಅಪ್ಪ, ಅಮ್ಮ ಅಥವಾ ಮಕ್ಕಳಿಂದ ಅರ್ಧ ಹೊಂದುವ ಸೆಲ್ ತಗೊಳ್ಳುವುದೂ ಈಗ ಮಾಮೂಲಿಯಾಗಿದೆ. ಅದರಲ್ಲಿ ಕಸಿಯಾದ ಮೂರನೇ ಮತ್ತು ನಾಲ್ಕನೇ ದಿನ ಒಂದು ಕೀಮೋ ಕೊಟ್ಟು, ಜಗಳಕ್ಕೆ ನಿಲ್ಲುವ ಕಣಗಳನ್ನು ಅಡಗಿಸುತ್ತಾರೆ.

ಬ್ಲಡ್ ಗ್ರೂಪ್ ಬೇರೆ ಇದ್ದರೂ ಕಸಿ ಮಾಡಬಹುದು. ಕೆಲವು ತಿಂಗಳಲ್ಲಿ ರೋಗಿಯ ಗ್ರೂಪ್ ದಾನಿಯದ್ದಕ್ಕೆ ಬದಲಾಗುತ್ತದೆ. ತಮ್ಮ ಬಿ ಪಾಸಿಟಿವ್ ಇದ್ದವನು ಈಗ ನನ್ನ ಹಾಗೆ ಓ ಪಾಸಿಟಿವ್.

ದಾನಿಗೆ ಒತ್ತಾಯ ಮಾಡಬೇಡಿ, ಇದನ್ನು ದಾನಿಯಾಗಿ ಹೇಳುತ್ತಿದ್ದೇನೆ. ಪರೀಕ್ಷೆ ಮಾಡಿಸುವ ಮುನ್ನವೇ ಅವರಿಗೆ ಪೂರ್ತಿ ವಿಷಯ ಹೇಳಿ. ಮ್ಯಾಚ್ ಆದಮೇಲೆ ಇಲ್ಲ ಅನ್ನುವುದು ಎಷ್ಟು ಕಷ್ಟ ಅಲ್ವಾ? ಅದರಲ್ಲೂ ರೋಗಿಗೆ ಜಾಸ್ತಿ ಕೀಮೋ ಶುರುವಾದ ಮೇಲೆ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ.

ಮೈ ಮತ್ತು ಮನೆ ಸಿದ್ಧ ಮಾಡುವುದು

ಹೃದಯಕ್ಕೆ ಎಕೋ, ಶ್ವಾಸಕೋಶದ ಊದುವ ಪರೀಕ್ಷೆ, ಕಿಡ್ನಿ, ಲಿವರ್, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗಳು ಆಗುತ್ತವೆ. ಇವನ್ನೆಲ್ಲ ಆಸ್ಪತ್ರೆಯವರೇ ಬರೆದುಕೊಡುತ್ತಾರೆ. ಜನ ಮರೆಯುವುದು ಹಲ್ಲನ್ನು. ಹುಳುಕು ಹಲ್ಲಿದ್ದರೆ ಬಿಳಿ ಕಣ ಸೊನ್ನೆಗೆ ಬಂದಾಗ ಅಲ್ಲಿಂದಲೇ ಸೋಂಕು ರಕ್ತಕ್ಕೆ ಹೋಗಬಹುದು. ಕೀಳಬೇಕಾದ ಹಲ್ಲಿದ್ದರೆ ಕೀಮೋಗೆ ಎರಡು ವಾರವಾದರೂ ಮೊದಲೇ ಕೀಳಿಸಿ, ಗಾಯ ಮಾಗಬೇಕು.

ಎದೆಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಅನ್ನುವ ಮೆತ್ತಗಿನ ಟ್ಯೂಬ್ ಹಾಕುತ್ತಾರೆ. ಮುಂದಿನ ವಾರಗಳಲ್ಲಿ ರಕ್ತ ತೆಗೆಯುವುದು, ಔಷಧಿ, ಸೆಲ್, ಎಲ್ಲಾ ಅದರಿಂದಲೇ. ಪದೇ ಪದೇ ಸೂಜಿ ಚುಚ್ಚುವುದು ತಪ್ಪುತ್ತದೆ. ಆದರೆ ಅದೇ ಕೀಟಾಣುಗಳಿಗೆ ಬಾಗಿಲೂ ಹೌದು. ಸುತ್ತ ಕೆಂಪಾದರೆ, ನೋವಾದರೆ, ಪಟ್ಟಿ ನೆನೆದರೆ ತಕ್ಷಣ ಸಿಸ್ಟರಿಗೆ ಹೇಳಿ.

ಮನೆಯಲ್ಲಿ ರೋಗಿಗೆ ಒಂದು ಕೋಣೆ, ಸಾಧ್ಯವಾದರೆ ಒಂದು ಬಾತ್‌ರೂಮ್ ಬೇರೆ ಮಾಡಿ. ಗೋಡೆ ಒಡೆಯುವುದು, ಬಣ್ಣ ಹೊಡೆಯುವುದು ಇದ್ದರೆ ಆಸ್ಪತ್ರೆಗೆ ಸೇರುವ ಮೊದಲೇ ಮುಗಿಸಿ. ಕಟ್ಟಡದ ಧೂಳು, ಬೂಷ್ಟು, ಕುಂಡದ ಮಣ್ಣು, ಇವುಗಳಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಹೋದರೆ ಗುಣ ಮಾಡುವುದು ಬಹಳ ಕಷ್ಟ. ಕುಂಡಗಳನ್ನು ಹೊರಗಿಡಿ. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಪೋಲಿಯೊ ಹನಿ ಹಾಕಿಸುವ ಮುನ್ನ ಕಸಿ ಡಾಕ್ಟರನ್ನು ಕೇಳಿ, ಅದರಲ್ಲಿ ಜೀವಂತ ವೈರಸ್ ಇರುತ್ತದೆ.

ಜೊತೆಗಿರುವವರು ಕನಿಷ್ಠ ಇಬ್ಬರು ಬೇಕು. ಒಬ್ಬರಿಗೆ ನೆಗಡಿ ಬಂದರೂ ಅವರು ಒಳಗೆ ಹೋಗುವ ಹಾಗಿಲ್ಲ. ನನಗೆ ಒಂದು ದಿನ ಗಂಟಲು ಕೆರೆತ ಶುರುವಾಯಿತು. ಮರುದಿನದಿಂದ ಭಾವ ಹೋದರು. ಅವರಿಗೆ ಮೊದಲೇ ಎಲ್ಲಾ ತೋರಿಸಿಕೊಟ್ಟಿದ್ದರಿಂದ ಬಚಾವಾದೆವು.

ಸೆಲ್ ತೆಗೆಯುವ ದಿನಗಳು

ಸ್ಟೆಮ್ ಸೆಲ್‌ಗಳು ಸಾಮಾನ್ಯವಾಗಿ ಮಜ್ಜೆ ಬಿಟ್ಟು ಹೊರಗೆ ಬರುವುದಿಲ್ಲ. ಅವನ್ನು ರಕ್ತಕ್ಕೆ ಇಳಿಸಲು ಜಿ-ಸಿಎಸ್‌ಎಫ್ ಅನ್ನುವ ಇಂಜೆಕ್ಷನ್ ನಾಲ್ಕೈದು ದಿನ ಚರ್ಮದ ಕೆಳಗೆ ಕೊಡುತ್ತಾರೆ. ಸ್ವಂತ ಸೆಲ್ ಕಸಿಯಲ್ಲಿ ರೋಗಿಗೆ, ಇನ್ನೊಂದರಲ್ಲಿ ದಾನಿಗೆ. ಎರಡನೇ ದಿನದ ಹೊತ್ತಿಗೆ ನನಗೆ ಸೊಂಟ, ತೊಡೆ, ಎದೆಮೂಳೆ ಒಳಗಿಂದ ಹಿಗ್ಗುತ್ತಿವೆಯೇನೋ ಅನ್ನುವ ನೋವು. ಜ್ವರ ಬರುವ ಮುಂಚಿನ ಮೈಕೈ ನೋವಿನ ಹಾಗೆ, ಆದರೆ ಇನ್ನೂ ಆಳದಲ್ಲಿ. ಪ್ಯಾರಾಸಿಟಮಾಲ್ ತಗೊಂಡರೆ ತಡೆದುಕೊಳ್ಳಬಹುದು. ಕೊನೆಯ ಇಂಜೆಕ್ಷನ್ ಆಗಿ ಒಂದೆರಡು ದಿನದಲ್ಲಿ ಹೋಯಿತು.

ಐದನೇ ದಿನ ಮಿಷಿನ್ ಪಕ್ಕ ಮಲಗಿಸಿದರು. ಒಂದು ತೋಳಿನಿಂದ ರಕ್ತ ಹೋಗುತ್ತೆ. ಮಿಷಿನ್ ಒಳಗೆ ಗಿರಗಿರ ತಿರುಗಿ ಸ್ಟೆಮ್ ಸೆಲ್ ಇರುವ ಪದರ ಬೇರೆಯಾಗುತ್ತೆ. ಉಳಿದ ರಕ್ತ ಇನ್ನೊಂದು ತೋಳಿಗೆ ವಾಪಸ್ ಬರುತ್ತೆ. ನಾಲ್ಕರಿಂದ ಆರು ಗಂಟೆ ಹಿಡಿಯುತ್ತೆ. ತೋಳು ಮಡಚುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ. ಬಾತ್‌ರೂಮಿಗೆ ಹೋಗಿಬಂದು ಮಲಗಿ, ಮೂಗು ತುರಿಸಿದರೆ ಕೆರೆಯಲು ಯಾರಾದರೂ ಪಕ್ಕದಲ್ಲಿರಲಿ. ಒಂದು ಗಂಟೆಯಾದ ಮೇಲೆ ತುಟಿ ಸುತ್ತ ಜುಮುಜುಮು ಶುರುವಾಯಿತು, ಆಮೇಲೆ ಬೆರಳ ತುದಿಗೆ. ರಕ್ತ ಹೆಪ್ಪುಗಟ್ಟದಿರಲು ಸೇರಿಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಹೀಗಾಗುತ್ತೆ. ಹೇಳಿದ ತಕ್ಷಣ ಕ್ಯಾಲ್ಸಿಯಂ ಕೊಟ್ಟರು, ಸರಿಹೋಯಿತು. ಸುಮ್ನೆ ತಡೆದುಕೊಂಡು ಮಲಗಬೇಡಿ.

ರೋಗಿಯ ತೂಕದ ಪ್ರತಿ ಕಿಲೋಗೆ ಕಮ್ಮಿ ಅಂದರೂ 20 ಲಕ್ಷ ಸ್ಟೆಮ್ ಸೆಲ್ ಬೇಕು. ಜಾಸ್ತಿ ಸಿಕ್ಕಿದರೆ ಒಳ್ಳೆಯದು. ಒಂದೇ ದಿನದಲ್ಲಿ ಸಾಲದಿದ್ದರೆ ಮರುದಿನ ಮತ್ತೆ. ತುಂಬಾ ಕೀಮೋ ಆದವರಲ್ಲಿ ಸೆಲ್ ಸರಿಯಾಗಿ ಹೊರಬರುವುದಿಲ್ಲ. ಆಗ ಪ್ಲೆರಿಕ್ಸಾಫೋರ್ ಅನ್ನುವ ಇನ್ನೊಂದು ಇಂಜೆಕ್ಷನ್ ಸೇರಿಸುತ್ತಾರೆ. ಕೆಲವರಿಗೆ ಮಜ್ಜೆಯನ್ನೇ ಬೇಕೆನ್ನುತ್ತಾರೆ. ಆಗ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಸೂಜಿಯಲ್ಲಿ ತೆಗೆಯುತ್ತಾರೆ. ಬೆನ್ನುಹುರಿಗೆ ಕೈ ಹಾಕುವುದೇ ಇಲ್ಲ. ದಾನಿ ಕಳೆದುಕೊಂಡದ್ದನ್ನು ಮೈ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ಮೈನಸ್ ದಿನಗಳು

ಆಸ್ಪತ್ರೆಯಲ್ಲಿ ದಿನ ಎಣಿಸುವ ರೀತಿಯೇ ಬೇರೆ. ಕಸಿಯ ದಿನ ಸೊನ್ನೆ. ಅದಕ್ಕೆ ಮುಂಚಿನವು ಮೈನಸ್, ಆಮೇಲಿನವು ಪ್ಲಸ್. ಸೇರಿದ ದಿನ ತಮ್ಮನ ಹಲಗೆಯ ಮೇಲೆ "ಡೇ -7" ಅಂತ ಬರೆದಿದ್ದರು.

ಈ ದಿನಗಳಲ್ಲಿ ಜಾಸ್ತಿ ಡೋಸಿನ ಕೀಮೋ ಇಳಿಯುತ್ತದೆ, ಕೆಲವರಿಗೆ ಇಡೀ ಮೈಗೆ ರೇಡಿಯೇಷನ್ ಕೂಡ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಕಮ್ಮಿ ಡೋಸಿನ ವಿಧಾನವೂ ಇದೆ. ಮೈಲೋಮಾಕ್ಕೆ ಕೊಡುವ ಮೆಲ್ಫಲಾನ್ ಬಾಯಿಯ ಒಳಚರ್ಮವನ್ನು ಸುಡುತ್ತದೆ. ಅದು ಇಳಿಯುವುದಕ್ಕೆ ಸ್ವಲ್ಪ ಮೊದಲಿಂದ ಹಿಡಿದು ಮುಗಿದ ಮೇಲೂ ಸ್ವಲ್ಪ ಹೊತ್ತು ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಹುಣ್ಣು ತುಂಬಾ ಕಮ್ಮಿಯಾಗುತ್ತೆ. ತಂಪಿಗೆ ಬಾಯಿಯ ರಕ್ತನಾಳಗಳು ಮುದುಡಿ, ಔಷಧಿ ಅಲ್ಲಿಗೆ ಕಮ್ಮಿ ಹೋಗುತ್ತೆ. ಇಷ್ಟು ಸರಳವಾದ ಕೆಲಸ ಇಷ್ಟು ಉಪಕಾರ ಮಾಡುವುದು ಅಪರೂಪ. ನಿಮ್ಮ ಔಷಧಿ ಇದೇ ಆಗಿದ್ದರೆ ನೀವಾಗಿಯೇ ಕೇಳಿ.

ಕೂದಲು ಉದುರುತ್ತೆ. ಮೊದಲೇ ಚಿಕ್ಕದಾಗಿ ಕತ್ತರಿಸಿಕೊಂಡರೆ ದಿಂಬಿನ ತುಂಬ ಕೂದಲು ನೋಡುವ ಸಂಕಟ ತಪ್ಪುತ್ತದೆ.

ಸೊನ್ನೆ ದಿನ

ಫ್ರೀಜ್ ಮಾಡಿಟ್ಟ ಸ್ವಂತ ಸೆಲ್ ಆದರೆ ಬಿಸಿನೀರಿನ ತೊಟ್ಟಿಯಲ್ಲಿ ಕರಗಿಸಿ ಕೂಡಲೇ ಕೊಡುತ್ತಾರೆ. ಸೆಲ್ ಕೆಡದಿರಲು ಹಾಕಿದ ಡಿಎಂಎಸ್‌ಒ ಅನ್ನುವ ದ್ರವ ಉಸಿರಿನಿಂದ ಹೊರಬರುತ್ತದೆ. ಒಂದೆರಡು ದಿನ ಕೋಣೆಯಲ್ಲಿ ಬೆಳ್ಳುಳ್ಳಿಯಂಥ ಒಂದು ಘಾಟು ವಾಸನೆ ಇರುತ್ತೆ. ರೋಗಿಗೆ ಗೊತ್ತಾಗುವುದಕ್ಕಿಂತ ಪಕ್ಕದವರಿಗೇ ಜಾಸ್ತಿ. ವಾಕರಿಕೆ, ಗಂಟಲು ಕಚಗುಳಿ, ಎದೆ ಬಿಗಿತ ಆದರೆ ಹೇಳಿ, ನಿಧಾನ ಮಾಡುತ್ತಾರೆ. ಮೂತ್ರ ಕೆಂಪಾಗಿ ಹೋಗಬಹುದು, ಅದಕ್ಕೆ ಹೆದರಬೇಡಿ, ಆದರೆ ಸಿಸ್ಟರಿಗೆ ತೋರಿಸಿ.

ನಮ್ಮದು ತಾಜಾ ಸೆಲ್, ವಾಸನೆ ಇರಲಿಲ್ಲ. ಹಿಂದಿನ ದಿನ ಬೇರೆ ಮಹಡಿಯಲ್ಲಿ ನನ್ನಿಂದ ತೆಗೆದ ಚೀಲ. ಸಿಸ್ಟರ್ ಹೆಸರು, ನಂಬರ್, ಗ್ರೂಪ್ ಎರಡು ಸಲ ಗಟ್ಟಿಯಾಗಿ ಓದಿದರು. ತಮ್ಮ, ಚೀಲ ನೋಡುತ್ತಾ, "ಅಕ್ಕಾ, ಇಷ್ಟೇನಾ?" ಅಂದ. ನಾನು ತಲೆಯಾಡಿಸಿದೆ. ಮಾತು ಬರಲಿಲ್ಲ.

ರಕ್ತಕ್ಕೆ ಹಾಕಿದ ಸೆಲ್ ಮೂಳೆಗೆ ಹೇಗೆ ಹೋಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಮಜ್ಜೆ ಹೊರಡಿಸುವ ರಾಸಾಯನಿಕ ಸುಳಿವು ಹಿಡಿದು ಅವು ತಾವಾಗಿಯೇ ದಾರಿ ಕಂಡುಕೊಂಡು ಹೋಗಿ ನೆಲೆಸುತ್ತವೆ.

ಕೌಂಟ್ (ರಕ್ತಕಣಗಳ ಲೆಕ್ಕ) ಸೊನ್ನೆ ಇರುವ ವಾರಗಳು

ಕಷ್ಟದ ಭಾಗ ಇದು. ಹಳೆ ಮಜ್ಜೆ ಸತ್ತಿದೆ, ಹೊಸದು ಇನ್ನೂ ಚಿಗುರಿಲ್ಲ. ಸ್ವಂತ ಸೆಲ್ ಆದರೆ ಸಾಮಾನ್ಯವಾಗಿ 10ರಿಂದ 14 ದಿನ. ದಾನಿಯದ್ದಾದರೆ ಎರಡರಿಂದ ನಾಲ್ಕು ವಾರ. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಅನ್ನುವುದು ಮೂರು ದಿನ ಬಿಡದೆ 500ಕ್ಕಿಂತ ಮೇಲೆ ಬಂದರೆ ಕಸಿ ಹಿಡಿಯಿತು ಅನ್ನುತ್ತಾರೆ. ಪ್ಲೇಟ್‌ಲೆಟ್ ನಿಧಾನ, ಆಮೇಲೆ ಏರುತ್ತೆ.

ನಮ್ಮ ನೋಟ್‌ಬುಕ್ಕಿನ ಒಂದು ಪುಟ ಈಗ ನನ್ನ ಮುಂದಿದೆ. "ಡೇ 9. ನ್ಯೂಟ್ರೋಫಿಲ್ 0. ಪ್ಲೇಟ್‌ಲೆಟ್ 8 ಸಾವಿರ, ಒಂದು ಚೀಲ ಹಾಕಿದರು. ಜ್ವರ 101.2. ಭೇದಿ 6 ಸಲ. ನೀರು 400 ಮಿಲಿ. ಮಾತಾಡಲಿಲ್ಲ." ಡೇ 14ರಲ್ಲಿ 0 ಹೊಡೆದು 40 ಅಂತ ಬರೆದಿದ್ದೇನೆ, ಅದರ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ. ಡೇ 18ರಲ್ಲಿ 620.

ಬಾಯಿಂದ ಹಿಡಿದು ಕೆಳಗಿನವರೆಗೆ ಇಡೀ ಆಹಾರದ ದಾರಿ ಹುಣ್ಣಾಗುತ್ತದೆ. ಎಂಜಲು ನುಂಗುವುದೂ ಕಷ್ಟ. ಇಲ್ಲಿ ನೋವು ನುಂಗಿಕೊಂಡಿರುವುದು ದೊಡ್ಡಸ್ತಿಕೆ ಅಲ್ಲ. ಮಾರ್ಫಿನ್ ಡ್ರಿಪ್ ಕೇಳಿ, ಚಟ ಹತ್ತುತ್ತೆ ಅನ್ನುವ ಭಯ ಬೇಡ. ಹುಣ್ಣು ಮಾಗಿದಂತೆ ಡಾಕ್ಟರು ಅದನ್ನು ಕಮ್ಮಿ ಮಾಡಿ ನಿಲ್ಲಿಸುತ್ತಾರೆ. ಮೂಗಿನ ಟ್ಯೂಬಿನಲ್ಲೋ ಡ್ರಿಪ್ಪಿನಲ್ಲೋ ಆಹಾರ ಕೊಡುತ್ತೇವೆ ಅಂದರೆ ಸೋತೆವು ಅಂದುಕೊಳ್ಳಬೇಡಿ. ಬಾಯಿ ಮುಕ್ಕಳಿಸುವುದನ್ನು ಮಾತ್ರ ಎಷ್ಟೇ ಬೇಜಾರಾದರೂ ದಿನಕ್ಕೆ ನಾಲ್ಕೈದು ಸಲ ಬಿಡದೆ ಮಾಡಿಸಿ. ಬ್ರಷ್ ತುಂಬಾ ಮೆತ್ತಗಿರಲಿ.

ದಿನಾ ಸ್ನಾನ, ದಿನಾ ಬಟ್ಟೆ ಹಾಸಿಗೆ ಬದಲಾವಣೆ. ಒಳಗೆ ಬರುವ ಪ್ರತಿಯೊಬ್ಬರೂ ಕೈ ತೊಳೆಯಬೇಕು. ಡಾಕ್ಟರು ಮರೆತರೂ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಬ್ಲೇಡಿನಲ್ಲಿ ಶೇವ್ ಬೇಡ, ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದುವುದು ಬೇಡ. ಆಗುವಷ್ಟು ಎದ್ದು ಓಡಾಡಿಸಿ. ತಮ್ಮ, ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ ನಡೆಯುತ್ತಿದ್ದ. ಹತ್ತು ಸಲ ಅಂತ ಲೆಕ್ಕ. ಡೇ 9ರಂದು ಎರಡು ಸಲ ಆಯಿತು. ಅದನ್ನೂ ಬರೆದಿದ್ದೇನೆ.

ಈ ದಿನಗಳಲ್ಲಿ ರೋಗಿ ಸಿಡುಕಬಹುದು, ಅಳಬಹುದು, ಮುಖ ತಿರುಗಿಸಿ ಮಲಗಬಹುದು. "ಧೈರ್ಯವಾಗಿರು" ಅಂತ ಪದೇ ಪದೇ ಹೇಳಬೇಡಿ. ಅದು ಇನ್ನೊಂದು ಹೊರೆಯಾಗುತ್ತೆ. ಪಕ್ಕದಲ್ಲಿ ಕೂತಿರಿ, ಸಾಕು. ಕುಗ್ಗುವುದು ಜಾಸ್ತಿಯಾದರೆ ಮನೋವೈದ್ಯರನ್ನು ಕರೆಸಿ ಅಂತ ಕೇಳಿ.

ಮನೆಗೆ ಬಂದ ಮೇಲೆ: ಮೊದಲ ನೂರು ದಿನ

ಡಿಸ್ಚಾರ್ಜ್ ದಿನ ಎಲ್ಲರಿಗೂ ಖುಷಿ. ಆದರೆ ವಾರ್ಡಿನಲ್ಲಿ ಹತ್ತು ಜನ ನೋಡುತ್ತಿದ್ದದ್ದನ್ನು ಈಗ ನೀವೊಬ್ಬರೇ ನೋಡಬೇಕು. ಜ್ವರದ ವಿಷಯ ಎಲ್ಲಕ್ಕಿಂತ ಮುಖ್ಯ. 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಆಗಿಂದಾಗಲೇ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ. ಪ್ಯಾರಾಸಿಟಮಾಲ್ ಕೊಟ್ಟು ನೋಡೋಣ ಅನ್ನಬೇಡಿ, ಅದು ಜ್ವರವನ್ನು ಮುಚ್ಚಿಡುತ್ತದೆ.

ತಮ್ಮನಿಗೆ ಡೇ 41ರ ರಾತ್ರಿ ಹನ್ನೊಂದೂವರೆಗೆ ಚಳಿ ಬಂತು. ಥರ್ಮಾಮೀಟರ್ 100.8. "ಬೆಳಿಗ್ಗೆ ನೋಡೋಣ ಅಕ್ಕಾ, ಈಗ ತಾನೇ ಮನೆಗೆ ಬಂದಿದೀನಿ" ಅಂದ. ಅವನ ಮುಖ ನೋಡಿ ನನಗೂ ಹೊರಡಲು ಮನಸ್ಸಾಗಲಿಲ್ಲ. ಆದರೂ ಮೊದಲೇ ಕಟ್ಟಿಟ್ಟ ಚೀಲ ಬಾಗಿಲ ಹತ್ತಿರವೇ ಇತ್ತು, ಹೊರಟೆವು. ದಾರಿಯಲ್ಲೇ ಅವನ ಬಿ.ಪಿ. ಇಳಿಯತೊಡಗಿತ್ತು ಅಂತ ಆಸ್ಪತ್ರೆಗೆ ಹೋದ ಮೇಲೆ ಗೊತ್ತಾಯಿತು. ಲೈನಿನಿಂದ ರಕ್ತಕ್ಕೆ ಸೋಂಕು ಹೋಗಿತ್ತು. ಬೆಳಿಗ್ಗೆವರೆಗೆ ಕಾದಿದ್ದರೆ ಏನಾಗುತ್ತಿತ್ತು ಅಂತ ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಚೀಲವನ್ನು ನೀವೂ ಕಟ್ಟಿಡಿ. ಡಿಸ್ಚಾರ್ಜ್ ಪತ್ರ, ಮಾತ್ರೆಗಳ ಪಟ್ಟಿ, ಎರಡು ಜೊತೆ ಬಟ್ಟೆ, ಚಾರ್ಜರ್.

ಮಾತ್ರೆಗಳು ಒಂದು ರಾಶಿ ಇರುತ್ತವೆ. ದಾನಿ ಕಸಿಯಲ್ಲಿ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ಮುಖ್ಯ. ಹೊಸ ಕಣಗಳನ್ನು ಅಂಕೆಯಲ್ಲಿಡುವುದು ಇದೇ. ಹನ್ನೆರಡು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು ಕೊಡಿ. ರಕ್ತದಲ್ಲಿ ಇದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ನಾನು ಒಮ್ಮೆ ಅಭ್ಯಾಸಬಲದಿಂದ ಮೊದಲೇ ಕೊಟ್ಟುಬಿಟ್ಟೆ. ರಿಪೋರ್ಟಿನಲ್ಲಿ ವಿಪರೀತ ಜಾಸ್ತಿ ಬಂತು, ಎಲ್ಲರೂ ಗಾಬರಿಯಾದರು, ಮತ್ತೆ ಹೋಗಿ ರಕ್ತ ಕೊಡಬೇಕಾಯಿತು. ಅವತ್ತಿಂದ ಟೆಸ್ಟ್ ದಿನದ ಮಾತ್ರೆಯನ್ನು ಚೀಲಕ್ಕೇ ಹಾಕಿಡುತ್ತಿದ್ದೆ. ಗ್ರೇಪ್‌ಫ್ರೂಟ್, ಚಕ್ಕೋತ ತಿನ್ನಿಸಬೇಡಿ, ಈ ಔಷಧಿಯ ಮಟ್ಟ ಏರಿಬಿಡುತ್ತದೆ. ಯಾವ ಗಿಡಮೂಲಿಕೆ ಪುಡಿ, ಕಷಾಯವನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಪ್ರೀತಿಯಿಂದ ತಂದುಕೊಡುವವರು ಬಹಳ ಜನ. ತಗೊಂಡು ಒಳಗಿಡಿ, ಅಷ್ಟೇ.

ಊಟದಲ್ಲಿ ಬಿಸಿಯಾಗಿ ಬೇಯಿಸಿದ್ದು ಒಳ್ಳೆಯದು. ಹಸಿ ಮೊಟ್ಟೆ, ಅರೆಬೆಂದ ಮಾಂಸ, ಕಾಯಿಸದ ಹಾಲು, ಹೊರಗೆ ಬಹಳ ಹೊತ್ತು ತೆರೆದಿಟ್ಟದ್ದು ಬೇಡ. ಹಣ್ಣು ತರಕಾರಿಯ ಬಗ್ಗೆ ಈಗ ಮೊದಲಿನಷ್ಟು ಕಟ್ಟುನಿಟ್ಟಿಲ್ಲ. ಚೆನ್ನಾಗಿ ತೊಳೆದು ಸಿಪ್ಪೆ ತೆಗೆದದ್ದನ್ನು ಎಷ್ಟೋ ಕಡೆ ಒಪ್ಪುತ್ತಾರೆ, ನಿಮ್ಮಲ್ಲಿ ಕೇಳಿಕೊಳ್ಳಿ. ರುಚಿ ಕೆಟ್ಟಿರುತ್ತೆ, ಕೆಲವು ತಿಂಗಳು ಹಾಗೇ. ಒಮ್ಮೆಗೇ ತಟ್ಟೆ ತುಂಬ ಬಡಿಸದೆ ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಿ.

ದಾನಿಯ ಸೆಲ್ ತಿರುಗಿ ಬಿದ್ದರೆ

ಇದನ್ನು ಜಿವಿಎಚ್‌ಡಿ ಅನ್ನುತ್ತಾರೆ. ಸ್ವಂತ ಸೆಲ್ ಕಸಿಯಾದವರಿಗೆ ಈ ಚಿಂತೆ ಸಾಮಾನ್ಯವಾಗಿ ಇಲ್ಲ. ಮೊದಲ ತಿಂಗಳುಗಳಲ್ಲಿ ಇದು ಮೂರು ಕಡೆ ಕಾಣಿಸುತ್ತೆ: ಚರ್ಮ, ಹೊಟ್ಟೆ, ಲಿವರ್. ಅಂಗೈ, ಅಂಗಾಲು, ಕಿವಿಯ ಹಿಂದೆ ಕೆಂಪು ದದ್ದು. ನೀರಿನಂಥ ಭೇದಿ, ವಾಂತಿ. ಕಣ್ಣು ಹಳದಿ. ಪ್ರತಿದಿನ ಸ್ನಾನದ ಹೊತ್ತಿಗೆ ಅಂಗೈ ಅಂಗಾಲು ನೋಡಿ. ತಡವಾಗಿ ಬರುವ ಬಗೆಯಲ್ಲಿ ಕಣ್ಣು ಉರಿ, ಬಾಯಿ ಒಣಗುವುದು, ಚರ್ಮ ಬಿಗಿಯಾಗುವುದು, ಮೆಟ್ಟಿಲು ಹತ್ತಿದರೆ ಉಸಿರು ಸಾಲದಿರುವುದು ಇರುತ್ತವೆ. ಬೇಗ ಹೇಳಿದರೆ ಸ್ಟಿರಾಯ್ಡ್ ಮತ್ತು ಬೇರೆ ಔಷಧಿಗಳಿಂದ ಹತೋಟಿಗೆ ತರಬಹುದು. ಬಿಸಿಲು ಚರ್ಮದಲ್ಲಿ ಇದನ್ನು ಕೆರಳಿಸುತ್ತದೆ. ಹೊರಗೆ ಹೋದರೆ ಟೋಪಿ, ಉದ್ದ ತೋಳಿನ ಅಂಗಿ, ಸನ್‌ಸ್ಕ್ರೀನ್.

ತಮ್ಮನಿಗೆ ಡೇ 52ಕ್ಕೆ ಅಂಗೈ ಕೆಂಪಾಯಿತು. ನನಗೆ ಆದ ಸಂಕಟ ಹೇಳಲಾರೆ. ನನ್ನದೇ ಸೆಲ್ ಅವನನ್ನು ಸುಡುತ್ತಿದೆ ಅನ್ನಿಸಿ ಅವನ ಕೋಣೆಗೆ ಹೋಗಲೂ ಕಾಲು ಬರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು: ಕ್ಯಾನ್ಸರನ್ನು ಹೊಡೆಯುವುದೂ ಇದೇ ಕಣಗಳು, ಸ್ವಲ್ಪ ಮಟ್ಟಿಗೆ ಬಂದು ಹತೋಟಿಗೆ ಸಿಕ್ಕಿದರೆ ಕೆಟ್ಟದ್ದೇ ಅಂತಲ್ಲ. ಹತ್ತು ದಿನದಲ್ಲಿ ದದ್ದು ಇಳಿಯಿತು. ದಾನಿಗಳೇ, ಇದು ನಿಮ್ಮ ತಪ್ಪಲ್ಲ. ನೀವು ಕೊಟ್ಟದ್ದು ಕೊಟ್ಟಾಯಿತು. ಅದು ಹೇಗೆ ನಡೆದುಕೊಳ್ಳುತ್ತೆ ಅನ್ನುವುದು ನಿಮ್ಮ ಕೈಲಿಲ್ಲ.

ನೂರು ದಿನ ದಾಟಿದ ಮೇಲೆ

ನೂರನೇ ದಿನದ ಆಸುಪಾಸಿನಲ್ಲಿ ಕಾಯಿಲೆ ಎಲ್ಲಿಗೆ ಬಂದಿದೆ ಅಂತ ನೋಡುತ್ತಾರೆ. ಮಜ್ಜೆಯ ಪರೀಕ್ಷೆ, ದಾನಿ ಕಸಿಯಾದರೆ ರಕ್ತದಲ್ಲಿ ಎಷ್ಟು ಪಾಲು ದಾನಿಯದು ಅನ್ನುವ ಪರೀಕ್ಷೆ. ಕಾಯಿಲೆ ಮರಳುವ ಸಾಧ್ಯತೆ ಇದ್ದೇ ಇದೆ, ಅದನ್ನು ಮುಚ್ಚಿಡಲಾರೆ. ಮರಳಿದರೂ ದಾರಿಗಳಿವೆ: ಬೇರೆ ಔಷಧಿಗಳು, ದಾನಿಯ ಬಿಳಿ ಕಣಗಳನ್ನು ಮತ್ತೆ ಕೊಡುವುದು. ಮೈಲೋಮಾದಲ್ಲಿ ಕಸಿಯ ನಂತರವೂ ದಿನಾ ನುಂಗುವ ಮಾತ್ರೆ ಕೊಟ್ಟು ಕಾಯಿಲೆಯನ್ನು ದೂರ ಇಡುತ್ತಾರೆ.

ಸುಸ್ತು ತಿಂಗಳುಗಟ್ಟಲೆ ಇರುತ್ತೆ. ಸ್ವಂತ ಸೆಲ್ ಕಸಿಯವರು ಮೂರರಿಂದ ಆರು ತಿಂಗಳಲ್ಲಿ ಕೆಲಸಕ್ಕೆ ಮರಳಬಹುದು. ದಾನಿ ಕಸಿಯವರಿಗೆ ಒಂದು ವರ್ಷ ಅಥವಾ ಇನ್ನೂ ಜಾಸ್ತಿ ಬೇಕಾಗಬಹುದು. "ನೋಡೋಕೆ ಚೆನ್ನಾಗೇ ಇದೀಯಲ್ಲ" ಅನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ. ಥೈರಾಯ್ಡ್, ಮೂಳೆ, ಕಣ್ಣು, ಹೃದಯ, ಚರ್ಮ ಇವುಗಳ ತಪಾಸಣೆ ವರ್ಷವರ್ಷವೂ ಇರಲಿ. ರಕ್ತ ಅಥವಾ ಪ್ಲೇಟ್‌ಲೆಟ್ ಹಾಕಿಸಬೇಕಾಗಿ ಬಂದರೆ ವಿಕಿರಣ ಹಾಯಿಸಿದ್ದೇ ಬೇಕು. ಅದನ್ನು ಒಂದು ಚೀಟಿಯಲ್ಲಿ ಬರೆಸಿ, ಹೊಸ ಬ್ಲಡ್ ಗ್ರೂಪ್ ಸಮೇತ, ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಬೇರೆ ಊರಿನಲ್ಲಿ ಅಪಘಾತವಾದರೆ ಅಲ್ಲಿನವರಿಗೆ ಇದು ಗೊತ್ತಿರುವುದಿಲ್ಲ.

ಕೊನೆಯದಾಗಿ ಲಸಿಕೆ. ಹಳೆಯ ಮಜ್ಜೆಯ ಜೊತೆಗೆ ಚಿಕ್ಕಂದಿನ ಲಸಿಕೆಗಳ ನೆನಪೂ ಹೋಗಿರುತ್ತದೆ, ಸ್ವಂತ ಸೆಲ್ ಕಸಿಯಲ್ಲೂ ಹೀಗೇ. ಹಾಗಾಗಿ ಎಳೆ ಮಗುವಿಗೆ ಹಾಕುವ ಹಾಗೆ ಮೊದಲಿಂದ ಹಾಕಬೇಕು. ನ್ಯುಮೋನಿಯಾ, ಫ್ಲೂ ಲಸಿಕೆಗಳನ್ನು ಮೂರರಿಂದ ಆರು ತಿಂಗಳಿಗೆ ಶುರುಮಾಡುತ್ತಾರೆ. ಧನುರ್ವಾಯು, ಪೋಲಿಯೊ ಇಂಜೆಕ್ಷನ್, ಹೆಪಟೈಟಿಸ್ ಬಿ ಆಮೇಲೆ. ದಡಾರದಂಥ ಜೀವಂತ ಲಸಿಕೆ ಎರಡು ವರ್ಷಕ್ಕೆ ಮೊದಲು ಬೇಡವೇ ಬೇಡ. ಆಗಲೂ ಜಿವಿಎಚ್‌ಡಿ ಇರಬಾರದು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನಿಂತಿರಬೇಕು. ತಮ್ಮ ಹೋದ ತಿಂಗಳು ಅದನ್ನು ಹಾಕಿಸಿಕೊಂಡ. ಅಮ್ಮ ಅವನ ಹಳೆಯ ಲಸಿಕೆ ಪುಸ್ತಕ ಹುಡುಕಿ ತಂದಿದ್ದರು. ಸಿಸ್ಟರ್ ಅದನ್ನು ವಾಪಸ್ ಕೊಟ್ಟು, ಖಾಲಿ ಕಾರ್ಡೊಂದನ್ನು ತೆಗೆದು, ಮೊದಲ ಸಾಲಿನಿಂದ ಬರೆದರು. ನೀವು ಹೋಗುವಾಗ ಕಸಿಯ ದಿನಾಂಕ ಮತ್ತು ಈಗ ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಒಯ್ಯಿರಿ, ಅವರು ಕೇಳುವುದು ಅವೆರಡನ್ನೇ.